ಕರ್ನಾಟಕದ ಕುದುರೆ ಸಾಕಣೆ: ತಳಿ, ಆರೈಕೆ ಮತ್ತು ಬೇಡವಾದ ಕುದುರೆಯ ಪ್ರಶ್ನೆ

ಕನ್ನಡ ನಾಡಿನ ಶಿಲ್ಪ, ಶಾಸನ, ಕಾವ್ಯ ಹಾಗೂ ಜನಪದ ಆಚರಣೆಗಳಲ್ಲಿ ಕುದುರೆಗೆ ದೊರೆತಿರುವ ಸ್ಥಾನ ದೊಡ್ಡದು. ವೀರಗಲ್ಲುಗಳ ಮೇಲೆ ಹೋರಾಡುವ ರಾವುತನಿದ್ದಾನೆ. ಹಂಪೆಯ ಹಜಾರ ರಾಮ ದೇವಾಲಯದ ಹೊರಗೋಡೆಯಲ್ಲಿ ಕುದುರೆಗಳ ಮೆರವಣಿಗೆಯೇ ಇದೆ. ಮೈಲಾರಲಿಂಗನ ವಾಹನ ಕುದುರೆ. ತುಳುನಾಡಿನ ಬೆರ್ಮೆರ್ ಕುದುರೆಯನ್ನೇರಿದ ವೀರ. ಮೈಸೂರು ದಸರೆಯಲ್ಲಿ ಪಟ್ಟದ ಆನೆಯೊಡನೆ ಪಟ್ಟದ ಕುದುರೆಗೂ ಪೂಜೆ ಸಲ್ಲುತ್ತದೆ. ಆದರೆ ಈ ಚಿತ್ರಗಳಲ್ಲೆಲ್ಲ ಕಾಣುವುದು ಪ್ರಾಯದ ಕುದುರೆ ಮಾತ್ರ. ಹಲ್ಲು ಸವೆದ, ಕಾಲು ಕುಂಟಾದ, ಕಣ್ಣು ಮಂಜಾದ ಕುದುರೆಯನ್ನು ಯಾರೂ ಕಲ್ಲಿನಲ್ಲಿ ಕಡೆದಂತಿಲ್ಲ.

ಚೆನ್ನಾಗಿ ನೋಡಿಕೊಂಡರೆ ಕುದುರೆ 25ರಿಂದ 30 ವರ್ಷ ಬದುಕುತ್ತದೆ. ಯುದ್ಧಕ್ಕಾಗಲಿ, ಬಂಡಿಗಾಗಲಿ, ಪಂದ್ಯಕ್ಕಾಗಲಿ ಅದು ಪೂರ್ಣವಾಗಿ ಒದಗುವುದು ಈ ಆಯುಷ್ಯದ ಒಂದು ಭಾಗದಲ್ಲಿ. ಉಳಿದ ವರ್ಷಗಳ ಹೊಣೆ ಯಾರದು ಎಂಬ ಪ್ರಶ್ನೆ ಇಂದು ಜಗತ್ತಿನ ಅನೇಕ ದೇಶಗಳಲ್ಲಿ 'ಬೇಡವಾದ ಕುದುರೆ'ಯ ಸಮಸ್ಯೆಯೆಂದು ಚರ್ಚೆಗೆ ಬಂದಿದೆ. ಕರ್ನಾಟಕದ ಮಟ್ಟಿಗೆ ಇದು ಹೊಸ ಪ್ರಶ್ನೆಯಲ್ಲ. ಕುದುರೆಯನ್ನು ಪಡೆಯುವುದಕ್ಕೆ ಅಪಾರ ಸಂಪತ್ತನ್ನು ವ್ಯಯಿಸಿದ ಇಲ್ಲಿನ ವ್ಯವಸ್ಥೆಗಳು, ಅದನ್ನು ಇಲ್ಲಿಯೇ ಹುಟ್ಟಿಸಿ ಬೆಳೆಸುವುದಕ್ಕೂ ಕೊನೆಯವರೆಗೆ ಸಾಕುವುದಕ್ಕೂ ಅಷ್ಟೇ ಗಮನವನ್ನು ಕೊಡಲಿಲ್ಲ. ತಳಿಯ ಹೊಣೆ ಮತ್ತು ಮುಪ್ಪಿನ ಹೊಣೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದನ್ನು ಈ ಚರಿತ್ರೆಯೇ ತೋರಿಸಿಕೊಡುತ್ತದೆ.

ಹಡಗಿನಲ್ಲಿ ಬಂದ ಕುದುರೆ

ದಕ್ಷಿಣ ಭಾರತದ ಅರಸರು ಉತ್ತಮ ಯುದ್ಧಾಶ್ವಗಳಿಗಾಗಿ ಶತಮಾನಗಳ ಕಾಲ ಕಡಲಾಚೆಯ ನಾಡುಗಳನ್ನು ಅವಲಂಬಿಸಿದ್ದರು. ಅರಬಸ್ಥಾನ ಮತ್ತು ಪಾರಸಿಕ ಕೊಲ್ಲಿಯ ಬಂದರುಗಳಿಂದ ಹೊರಟ ಹಡಗುಗಳು ಪಶ್ಚಿಮ ಕರಾವಳಿಯಲ್ಲಿ ಕುದುರೆಗಳನ್ನು ಇಳಿಸುತ್ತಿದ್ದವು. ಘಟ್ಟವನ್ನು ಹತ್ತಿಸಿ ಅವನ್ನು ಒಳನಾಡಿಗೆ ತರುವ ವರ್ತಕರು ರಾಜಸಭೆಗಳಲ್ಲಿ ಗೌರವ ಪಡೆದಿದ್ದರು.

ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಪಾಂಡ್ಯರ ನಾಡನ್ನು ಕಂಡ ಮಾರ್ಕೊ ಪೋಲೊ ಬರೆದಿಟ್ಟ ವಿವರಗಳು ಈ ವ್ಯಾಪಾರದ ಒಳಗುಟ್ಟನ್ನು ಬಿಚ್ಚಿಡುತ್ತವೆ. ಅಲ್ಲಿನ ಐವರು ಸಹೋದರ ರಾಜರು ವರ್ಷಕ್ಕೆ ತಲಾ 2,000ಕ್ಕೂ ಮಿಕ್ಕಿದ ಕುದುರೆಗಳನ್ನು ಕೊಳ್ಳುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ನೂರೂ ಉಳಿಯುತ್ತಿರಲಿಲ್ಲ ಎಂದು ಅವನು ಹೇಳುತ್ತಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದಾದರೂ ಕಾರಣಗಳ ವಿಷಯದಲ್ಲಿ ಅವನ ಮಾತು ಸ್ಪಷ್ಟವಾಗಿದೆ. ಕುದುರೆಗಳಿಗೆ ಅನ್ನ ಮತ್ತು ಮಾಂಸವನ್ನು ಬೇಯಿಸಿ ತಿನ್ನಿಸುತ್ತಿದ್ದರು. ಲಾಳ ಕಟ್ಟುವವರೂ ಕುದುರೆಯ ವೈದ್ಯರೂ ಅಲ್ಲಿಗೆ ಹೋಗದಂತೆ ವರ್ತಕರೇ ನೋಡಿಕೊಳ್ಳುತ್ತಿದ್ದರು, ಏಕೆಂದರೆ ಕುದುರೆ ಬೇಗ ಸತ್ತಷ್ಟೂ ಮುಂದಿನ ವರ್ಷದ ಮಾರಾಟ ಹೆಚ್ಚುತ್ತಿತ್ತು. ಒಳ್ಳೆಯ ಹೆಣ್ಣಿಗೆ ಒಳ್ಳೆಯ ಗಂಡನ್ನು ಕೂಡಿಸಿದರೂ ಆ ನಾಡಿನಲ್ಲಿ ಹುಟ್ಟುವ ಮರಿ ಸಣ್ಣದಾಗಿ, ಕಾಲು ಸೊಟ್ಟಗಾಗಿ ಸವಾರಿಗೆ ಬಾರದೆ ಹೋಗುತ್ತಿತ್ತೆಂದೂ ಅವನು ತಿಳಿಸುತ್ತಾನೆ.

ಈ ಕೊನೆಯ ಮಾತನ್ನು ದಕ್ಷಿಣದ ಹವಾಮಾನದ ದೋಷವೆಂದು ವಿವರಿಸುವುದು ವಾಡಿಕೆ. ತೇವದ ನೆಲ, ಕೀಟಗಳ ಬಾಧೆ, ಹುಲ್ಲುಗಾವಲಿನ ಕೊರತೆ ಇವೆಲ್ಲ ನಿಜವೇ. ಆದರೆ ಬಸುರಿನಲ್ಲಿರುವ ಹೆಣ್ಣು ಕುದುರೆಗೆ ಹನ್ನೊಂದು ತಿಂಗಳು ಸರಿಯಾದ ಮೇವು, ಮರಿಗೆ ಓಡಾಡಲು ಗಟ್ಟಿನೆಲ, ಎಲುಬು ಬಲಿಯುವವರೆಗೆ ತಾಳ್ಮೆ ಬೇಕು. ವರ್ಷವರ್ಷವೂ ಹಡಗು ಬರುವುದು ಖಚಿತವಾಗಿದ್ದಾಗ ಈ ತಾಳ್ಮೆಗೆ ಅವಕಾಶವಿರಲಿಲ್ಲ.

ಬಾಲ ಮತ್ತು ಮುದ್ರೆ

ವಿಜಯನಗರದ ಕಾಲಕ್ಕೆ ಬಂದರೆ ಚಿತ್ರ ಇನ್ನಷ್ಟು ವಿವರವಾಗಿ ದೊರೆಯುತ್ತದೆ. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆ ತಂದ ಪರದೇಶದವರ ಆಕೃತಿಗಳಿವೆ. ವಿಠ್ಠಲ ದೇವಾಲಯದ ಬಳಿಯ ಒಂದು ಮಂಟಪಕ್ಕೆ ಕುದುರೆಗೊಂಬೆ ಮಂಟಪವೆಂದೇ ಹೆಸರು ನಿಂತಿದೆ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಕುದುರೆ ವ್ಯಾಪಾರವನ್ನು ತಮ್ಮ ರಾಜಕಾರಣದ ಅಸ್ತ್ರವನ್ನಾಗಿ ಮಾಡಿಕೊಂಡರು. ಗೋವೆಯಲ್ಲಿ ಇಳಿಯುವ ಕುದುರೆಗಳು ವಿಜಯನಗರಕ್ಕೇ ಸಲ್ಲಬೇಕೆಂಬುದು 1547ರ ಒಪ್ಪಂದದ ಮುಖ್ಯ ಅಂಶವಾಗಿತ್ತು.

ಈ ವ್ಯವಸ್ಥೆಯನ್ನು ಒಳಗಿನಿಂದ ಬಲ್ಲವನು ಫೆರ್ನಾವೊ ನ್ಯೂನಿಜ್. ಹದಿನಾರನೆಯ ಶತಮಾನದ ಮೂರನೆಯ ಹಾಗೂ ನಾಲ್ಕನೆಯ ದಶಕಗಳಲ್ಲಿ ವಿಜಯನಗರದಲ್ಲಿದ್ದ ಅವನು ಸ್ವತಃ ಕುದುರೆಯ ವ್ಯಾಪಾರಿ. ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್‌ಗಳಿಂದ ಕುದುರೆ ತರಿಸುತ್ತಿದ್ದನೆಂದೂ, ಮೂರು ಕುದುರೆಗಳಿಗೆ ಸಾವಿರ ವರಾಹದಂತೆ ಸತ್ತದ್ದನ್ನೂ ಬದುಕಿದ್ದನ್ನೂ ಒಂದೇ ಬೆಲೆಗೆ ಕೊಳ್ಳುತ್ತಿದ್ದನೆಂದೂ ಅವನು ಬರೆಯುತ್ತಾನೆ. ಕಡಲ ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತು. ಅದಕ್ಕೂ ಪೂರ್ಣ ಬೆಲೆ ಸಿಗುತ್ತಿತ್ತು. ವರ್ತಕರನ್ನು ಆಕರ್ಷಿಸುವ ಈ ಉಪಾಯ ರಾಜನೀತಿಯ ದೃಷ್ಟಿಯಿಂದ ಸಮರ್ಥನೀಯವೇ. ಆದರೆ ಹಡಗಿನಲ್ಲಿ ಕುದುರೆಯನ್ನು ಜೋಪಾನವಾಗಿ ತರುವ ಅಗತ್ಯವನ್ನೇ ಅದು ಸಡಿಲಗೊಳಿಸಿತು.

ನ್ಯೂನಿಜ್ ಕೊಡುವ ಇನ್ನೊಂದು ವಿವರ ಇದಕ್ಕಿಂತಲೂ ಮಹತ್ವದ್ದು. ರಾಜನ ಕುದುರೆಗಳಿಗೆಲ್ಲ ಮುದ್ರೆ ಹಾಕಲಾಗುತ್ತಿತ್ತು. ಸವಾರನಿಗೆ ಕೊಟ್ಟ ಕುದುರೆ ಸತ್ತರೆ, ಮುದ್ರೆಯಿರುವ ಚರ್ಮದ ತುಂಡನ್ನು ಕೊಯ್ದು ಅಶ್ವಾಧಿಕಾರಿಗೆ ಒಪ್ಪಿಸಬೇಕಾಗಿತ್ತು. ಆಗ ಬೇರೊಂದು ಕುದುರೆ ಸಿಗುತ್ತಿತ್ತು. ಹಾಗೆ ಕೊಡುತ್ತಿದ್ದವು ಬಹುಮಟ್ಟಿಗೆ ನಾಡಕುದುರೆಗಳು. ಅವನ್ನು ರಾಜನು ಸಾವಿರ ವರಾಹಕ್ಕೆ ಹನ್ನೆರಡು ಅಥವಾ ಹದಿನೈದರಂತೆ ಕೊಳ್ಳುತ್ತಿದ್ದನು. ವರ್ಷಕ್ಕೆ ಕೊಳ್ಳುತ್ತಿದ್ದ ಹೊರ್ಮುಜ್ ಕುದುರೆಗಳೂ ನಾಡಕುದುರೆಗಳೂ ಸೇರಿ 13,000. ಅವುಗಳಲ್ಲಿ ಉತ್ತಮವಾದುವನ್ನು ತನ್ನ ಲಾಯಕ್ಕೆ ಆರಿಸಿಕೊಂಡು, ನಾಡಕುದುರೆಗಳನ್ನು ಸಾವಿರ ವರಾಹಕ್ಕೆ ಐದರಂತೆ ನಾಯಕರಿಗೆ ಮಾರುತ್ತಿದ್ದನು. ಆ ಹಣ ಸೆಪ್ಟೆಂಬರ್ ತಿಂಗಳೊಳಗೆ ಸಂದಾಯವಾಗಬೇಕಿತ್ತು.

ಈ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ನಾಡಕುದುರೆಯನ್ನು ಮಾರಿದವನ ಕೈಗೆ ಬಂದದ್ದು ಒಂದಕ್ಕೆ 66ರಿಂದ 83 ವರಾಹ. ಅದೇ ಬಗೆಯ ಕುದುರೆಗೆ ನಾಯಕನು ತೆತ್ತದ್ದು 200 ವರಾಹ. ನಡುವಿನ ಲಾಭ ಬೊಕ್ಕಸದ್ದು. ಹೀಗಿರುವಾಗ ಒಳ್ಳೆಯ ಹೆಣ್ಣು ಕುದುರೆಯನ್ನು ಹಳ್ಳಿಯಲ್ಲಿ ಸಾಕಿ, ಆಯ್ದು ಕೂಡಿಸಿ, ತಳಿಯನ್ನು ಸುಧಾರಿಸುವ ಉತ್ಸಾಹ ಯಾರಿಗೂ ಬರುವಂತಿರಲಿಲ್ಲ. ಇನ್ನು ಮುದ್ರೆಯ ನಿಯಮ ಮೋಸವನ್ನು ತಡೆಯುವುದಕ್ಕಾಗಿ ಹುಟ್ಟಿದ್ದು. ಆದರೆ ಅದರ ಪರಿಣಾಮವೇನು? ಸತ್ತ ಕುದುರೆಗೆ ಬದಲಿ ಸಿಗುತ್ತಿತ್ತು. ಬದುಕಿ ಕುಂಟುತ್ತಿರುವ ಕುದುರೆಗೆ ಬದಲಿ ಸಿಗುವ ಮಾತು ಆ ವಿವರಣೆಯಲ್ಲಿ ಇಲ್ಲ. ಕೆಲಸಕ್ಕೆ ಬಾರದ ಕುದುರೆ ಬದುಕಿರುವಷ್ಟು ದಿನವೂ ಸವಾರನಿಗೆ ಹೊರೆ. ಸತ್ತ ದಿನ ಅದರ ಚರ್ಮಕ್ಕೆ ಬೆಲೆ. ಅರಮನೆಯ ಲಾಯದಲ್ಲಿ 1,600 ಮಂದಿ ಕುದುರೆ ನೋಡಿಕೊಳ್ಳುವವರೂ 300 ಮಂದಿ ಪಳಗಿಸುವವರೂ ಇದ್ದರೆಂದು ಅದೇ ನ್ಯೂನಿಜ್ ಹೇಳುತ್ತಾನೆ. ಆರೈಕೆಗೆ ಜನರಿರಲಿಲ್ಲವೆಂದಲ್ಲ, ಆ ಆರೈಕೆ ಕುದುರೆಯ ಉಪಯೋಗ ಮುಗಿಯುವಲ್ಲಿಗೆ ಮುಗಿಯುತ್ತಿತ್ತು ಎನ್ನಬೇಕಾಗುತ್ತದೆ.

ಶಾಸ್ತ್ರ, ಸುಳಿ ಮತ್ತು ಕಸುಬುದಾರರು

ಕುದುರೆಯ ಬಗೆಗಿನ ತಿಳಿವಳಿಕೆ ಇಲ್ಲಿ ಇರಲಿಲ್ಲವೆಂದು ಭಾವಿಸುವುದು ತಪ್ಪಾಗುತ್ತದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಕುದುರೆಯ ಜಾತಿ, ಲಕ್ಷಣ, ವಾಹ್ಯಾಳಿ ವಿನೋದಗಳ ವಿಸ್ತಾರವಾದ ನಿರೂಪಣೆಯಿದೆ. ಕನ್ನಡದಲ್ಲಿಯೇ ಸುಮಾರು 1400ರ ಅಭಿನವಚಂದ್ರನ 'ಅಶ್ವವೈದ್ಯ' ಹಾಗೂ ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣ ಪಂಡಿತನು ರಚಿಸಿದ 'ಹಯಸಾರ ಸಮುಚ್ಚಯ' ಇವೆ. ಶಾಸ್ತ್ರದ ಜೊತೆಯಲ್ಲಿಯೇ ಕಸುಬಿನ ಜ್ಞಾನವೂ ಬೆಳೆದಿತ್ತು. ಶಾಸನಗಳ ಸಾಹಣಿ, ಮಹಾಸಾಹಣಿ ಎಂಬ ಪದವಿಗಳು ಲಾಯದ ಆಡಳಿತವನ್ನು ಸೂಚಿಸುತ್ತವೆ. ಲಾಳ ಕಟ್ಟುವ ನಾಲಬಂದರು, ಜೀನು ಹೊಲಿಯುವ ಜೀನಗಾರರು ಉತ್ತರ ಕರ್ನಾಟಕದ ಊರುಗಳಲ್ಲಿ ನೆಲೆಸಿದರು. ಬಯಲುಸೀಮೆಯ ರೈತರು ಬೆಳೆದ ಹುರುಳಿ ಬೆಂದು ಕುದುರೆಯ ತೋಬರೆ ಸೇರಿತು.

ಆದರೆ ಇದೇ ಪರಂಪರೆಯಲ್ಲಿ ಬೇಡವಾದ ಕುದುರೆಯನ್ನು ಸೃಷ್ಟಿಸುವ ಒಂದು ನಂಬಿಕೆಯೂ ಇತ್ತು. ಅದು ಸುಳಿಯ ನಂಬಿಕೆ. ಹಣೆ, ಕುತ್ತಿಗೆ, ಎದೆ, ಪಕ್ಕೆಗಳಲ್ಲಿ ಕೂದಲು ಸುತ್ತಿಕೊಂಡಿರುವ ರೀತಿಯನ್ನು ನೋಡಿ ಒಡೆಯನಿಗೆ ಒಳಿತಾಗುವುದೋ ಕೇಡಾಗುವುದೋ ಎಂದು ನಿರ್ಣಯಿಸುವುದು ಅಶ್ವಶಾಸ್ತ್ರಗಳಲ್ಲಿಯೂ ಇದೆ, ಜನಪದರ ಬಾಯಲ್ಲಿಯೂ ಇದೆ. ಕುತ್ತಿಗೆಯ ದೇವಮಣಿ ಸುಳಿ ಶ್ರೇಷ್ಠ. ನಾಲ್ಕು ಕಾಲು ಮತ್ತು ಮುಖ ಬೆಳ್ಳಗಿರುವ ಪಂಚಕಲ್ಯಾಣಿ ಕುದುರೆ ಮಂಗಳಕರ. ಕೆಟ್ಟ ಸುಳಿಯ ಕುದುರೆ ಮನೆಗೆ ಬಂದರೆ ಮನೆತನಕ್ಕೆ ಹಾನಿ. ಕುದುರೆಯ ಎಲುಬು, ಉಸಿರು, ಗೊರಸು, ಸ್ವಭಾವಗಳು ಎಷ್ಟು ಚೆನ್ನಾಗಿದ್ದರೂ ಸುಳಿಯೊಂದು ಕೆಟ್ಟದ್ದಾದರೆ ಅದರ ಬೆಲೆ ಇಳಿಯುತ್ತಿತ್ತು. ಅದು ಕೈಯಿಂದ ಕೈಗೆ ಸಾಗುತ್ತಿತ್ತು. ಹಾಗೆಯೇ ಸುಳಿ ಒಳ್ಳೆಯದೆಂಬ ಒಂದೇ ಕಾರಣಕ್ಕೆ ದೋಷವುಳ್ಳ ಕುದುರೆಯನ್ನು ತಳಿಗೆ ಬಿಡುವ ಸಂಭವವೂ ಇತ್ತು. ಭಾರತದ ಹಲವು ಕುದುರೆ ಸಂತೆಗಳಲ್ಲಿ ಸುಳಿ ನೋಡಿ ಬೆಲೆ ಕಟ್ಟುವುದು ಇಂದಿಗೂ ನಿಂತಿಲ್ಲ. ಜನಪದ ಜ್ಞಾನವನ್ನು ಗೌರವಿಸುವುದೆಂದರೆ ಅದರ ಇಂಥ ಮುಖವನ್ನು ಮರೆಮಾಚುವುದಲ್ಲ.

ಎತ್ತಿಗೆ ಕರೆಗಾಲದಲ್ಲಿ ಕಾರಹುಣ್ಣಿಮೆಯಿದೆ, ಮಣ್ಣೆತ್ತಿನ ಅಮಾವಾಸ್ಯೆಯಿದೆ. ಅದು ಮನೆಯ ಕೊಟ್ಟಿಗೆಯಲ್ಲಿ ಹುಟ್ಟಿ, ಮನೆಯ ಹೊಲದಲ್ಲಿ ದುಡಿದು, ಮನೆಯವರ ಲೆಕ್ಕಕ್ಕೆ ಸೇರಿದ ಜೀವ. ಮುದಿ ಎತ್ತುಗಳು ಸಂತೆಗೆ ಹೋಗಲಿಲ್ಲವೆಂದಲ್ಲ. ಆದರೆ ಅದನ್ನು ಮಾರುವಾಗ ಮನೆಯವರು ಮರುಗುವ ಸಂದರ್ಭವನ್ನು ಜನಪದ ಸಾಹಿತ್ಯ ಬಲ್ಲದು. ಕುದುರೆ ಹಾಗೆ ಹಳ್ಳಿಯ ಕೊಟ್ಟಿಗೆಗೆ ಇಳಿಯಲಿಲ್ಲ. ಅದು ಅರಮನೆಯ, ಪಾಳೆಯದ, ದೇವರ ವಾಹನವಾಗಿಯೇ ಉಳಿಯಿತು. ಕೀಲುಕುದುರೆಯ ಕುಣಿತದಲ್ಲಿ ಜನ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ನಲಿದರು; ನಿಜವಾದ ಕುದುರೆಯ ಮುಪ್ಪನ್ನು ಹತ್ತಿರದಿಂದ ಕಂಡವರು ಕಡಿಮೆ.

ಕಾವಲು, ಸಿಲ್ಲೇದಾರ ಮತ್ತು ಕುಣಿಗಲ್

ಮೈಸೂರು ಸಂಸ್ಥಾನದ ಇತಿಹಾಸದಲ್ಲಿ ತಳಿಯ ಹೊಣೆಯನ್ನು ಸರ್ಕಾರವೇ ಹೊತ್ತುಕೊಂಡ ಒಂದು ಉತ್ತಮ ನಿದರ್ಶನವಿದೆ. ಅದು ಕುದುರೆಯದಲ್ಲ, ದನದ್ದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತ ಮಹಲ್ ಎನಿಸಿತು. ಆ ದನಗಳಿಗಾಗಿ ಋತುವಿಗೆ ತಕ್ಕಂತೆ ಮೇಯುವ ಕಾವಲುಗಳನ್ನು ಮೀಸಲಿಡಲಾಗಿತ್ತು. ಹುಟ್ಟುವ ಕರುವಿಗೆ ನೆಲ ಮೊದಲೇ ಗೊತ್ತಾಗಿತ್ತು. ತಳಿ ಉಳಿದದ್ದು ಈ ನೆಲದಿಂದ.

ಕುದುರೆಯ ವಿಷಯದಲ್ಲಿ ಇಂಥ ಪ್ರಯತ್ನ ತಡವಾಗಿ, ಕುಣಿಗಲ್‌ನಲ್ಲಿ ನಡೆಯಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಅಶ್ವದಳಕ್ಕಾಗಿ ಆರಂಭವಾದ ಅಲ್ಲಿನ ಕುದುರೆ ಫಾರಂ ದೇಶದ ಅತ್ಯಂತ ಹಳೆಯ ಅಶ್ವ ಸಂವರ್ಧನ ಕೇಂದ್ರಗಳಲ್ಲಿ ಒಂದು. ಹಡಗಿನ ದಾರಿ ಕಾಯುವ ಬದಲು ಇಲ್ಲಿಯೇ ಹುಟ್ಟಿಸುವ ಆಲೋಚನೆ ಅದರ ಹಿಂದೆ ಇತ್ತು. ಆದರೂ ಸೈನ್ಯದ ಬಹುಭಾಗ ನಡೆದದ್ದು ಸಿಲ್ಲೇದಾರಿ ಪದ್ಧತಿಯ ಮೇಲೆ. ಸಿಲ್ಲೇದಾರನು ತನ್ನ ಕುದುರೆಯನ್ನು ತಾನೇ ತರಬೇಕು. ಬಾರ್ಗೀರನು ಇನ್ನೊಬ್ಬರ ಕುದುರೆಯ ಮೇಲೆ ಕೂರುವವನು. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ಕಂಪನಿಯ ಸಹಾಯಕ್ಕಾಗಿ 4,000 ಸವಾರರನ್ನು ಸಿದ್ಧವಾಗಿ ಇಡಬೇಕಾಗಿತ್ತು. ಮುಂದೆ ಈ ಸಂಖ್ಯೆ ಹಂತಹಂತವಾಗಿ ಇಳಿಯಿತು. ಸವಾರನ ಹೆಸರು ದಫ್ತರಿನಿಂದ ಹೋದಾಗ ಅವನ ಕುದುರೆಯ ಮೇವಿನ ಹೊಣೆಯೂ ಅವನ ತಲೆಯ ಮೇಲೆಯೇ ಬಿತ್ತು. ಪದ್ಧತಿಯ ಸ್ವರೂಪವೇ ಅಂಥದ್ದು.

1892ರಲ್ಲಿ ರೂಪುಗೊಂಡ ಮೈಸೂರು ಲ್ಯಾನ್ಸರ್ಸ್ ದಳವು 1918ರ ಸೆಪ್ಟೆಂಬರ್ 23ರಂದು ಹೈಫಾ ಕದನದಲ್ಲಿ ಪಾಲ್ಗೊಂಡಿತು. ಆ ವಿಜಯದಲ್ಲಿ ಕುದುರೆಯ ಪಾಲು ಸವಾರನ ಪಾಲಿಗಿಂತ ಕಡಿಮೆಯದಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮಡಿದ ಯೋಧರ ಸ್ಮಾರಕವಿದೆ. ಆದರೆ ಅದೇ ರಣರಂಗದಿಂದ ಯುದ್ಧಾನಂತರ ಬ್ರಿಟಿಷ್ ಸೇನೆಯ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲಿ ಮಾರಿಹಾಕಲಾಯಿತು. 1930ರಲ್ಲಿ ಕೈರೋಗೆ ಬಂದ ಡೊರೊಥಿ ಬ್ರೂಕ್ ಎಂಬ ಮಹಿಳೆ, ಹನ್ನೆರಡು ವರ್ಷಗಳ ಬಳಿಕವೂ ಸೇನಾ ಮುದ್ರೆಯನ್ನು ಹೊತ್ತು ಕಲ್ಲುಗಣಿಗಳಲ್ಲಿಯೂ ಬಂಡಿಗಳಲ್ಲಿಯೂ ಎಲುಬು ಗೂಡಾಗಿ ದುಡಿಯುತ್ತಿದ್ದ ಆ ಕುದುರೆಗಳನ್ನು ಗುರುತಿಸಿದರು. 1931ರಲ್ಲಿ ಪತ್ರಿಕೆಗೆ ಬರೆದ ಪತ್ರದಿಂದ ಹಣ ಸಂಗ್ರಹವಾಗಿ ಸುಮಾರು 5,000 ಕುದುರೆಗಳನ್ನು ಅವರು ಕೊಂಡರು. ಹೆಚ್ಚಿನವುಗಳಿಗೆ ನೀಡಬಹುದಾಗಿದ್ದದ್ದು ನೋವಿಲ್ಲದ ಸಾವು ಮಾತ್ರ. 1934ರಲ್ಲಿ ಅಲ್ಲಿ ಆಸ್ಪತ್ರೆ ಸ್ಥಾಪನೆಯಾಯಿತು. ವಿಜಯನಗರದಲ್ಲಿ ಸತ್ತ ಕುದುರೆಯ ಮುದ್ರೆ ಸವಾರನಿಗೆ ಬದಲಿಯನ್ನು ಕೊಡಿಸಿತ್ತು. ಕೈರೋದಲ್ಲಿ ಬದುಕಿದ ಕುದುರೆಯ ಮುದ್ರೆ ಮಾರಿದವರ ಹೊಣೆಯನ್ನು ನೆನಪಿಸಿತು.

ಜಟಕಾ, ಪಂದ್ಯ ಮತ್ತು ಬೀದಿ

ಸ್ವಾತಂತ್ರ್ಯಾನಂತರ 1953ರಲ್ಲಿ ಸಂಸ್ಥಾನಗಳ ಅಶ್ವದಳಗಳು 61ನೆಯ ಕ್ಯಾವಲ್ರಿಯಲ್ಲಿ ವಿಲೀನಗೊಂಡವು. ಸೈನ್ಯದಿಂದ ಹಿಂದೆ ಸರಿದ ಕುದುರೆ ನಗರದ ಜಟಕಾದಲ್ಲಿ ಇನ್ನಷ್ಟು ಕಾಲ ಉಳಿಯಿತು. ಡಿ.ವಿ.ಜಿ. ಅವರು 1943ರಲ್ಲಿ ಪ್ರಕಟವಾದ 'ಮಂಕುತಿಮ್ಮನ ಕಗ್ಗ'ದಲ್ಲಿ ಮನುಷ್ಯನ ಬಾಳಿಗೆ ಜಟಕಾ ಬಂಡಿಯನ್ನು ಹೋಲಿಸಿದಾಗ ಓದುಗರಿಗೆ ವಿವರಣೆ ಬೇಕಾಗಿರಲಿಲ್ಲ. ಅದು ಬೆಂಗಳೂರು, ಮೈಸೂರುಗಳ ನಿತ್ಯದ ನೋಟವಾಗಿತ್ತು. ಆಟೋರಿಕ್ಷಾ ಬಂದ ಮೇಲೆ ಜಟಕಾದವನ ದಿನದ ಗಳಿಕೆ ಇಳಿಯಿತು. ತನ್ನ ಮಕ್ಕಳಿಗೆ ಹಿಟ್ಟು ತರಲಾಗದವನು ಕುದುರೆಗೆ ಹುರುಳಿ ತರುವುದೆಂತು? ಬೇಡವಾದ ಕುದುರೆಯ ಹಿಂದೆ ಬಹುತೇಕ ಬೇಡವಾದ ಕಸುಬೊಂದು ಇರುತ್ತದೆ. ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ 6.25 ಲಕ್ಷವಿದ್ದ ಕುದುರೆ ಮತ್ತು ತಟ್ಟುಗಳ ಸಂಖ್ಯೆ 2019ರಲ್ಲಿ 3.4 ಲಕ್ಷಕ್ಕೆ ಇಳಿದದ್ದರಲ್ಲಿ ಈ ಸಂಗತಿ ಕಾಣುತ್ತದೆ.

ಇನ್ನೊಂದು ಕಡೆ ಪಂದ್ಯದ ಕುದುರೆ. 1891ರಲ್ಲಿ ಮೈಸೂರು ರೇಸ್ ಕ್ಲಬ್ ಸ್ಥಾಪನೆಯಾಯಿತು. ಕುಣಿಗಲ್ ಫಾರಂ ಥರೋಬ್ರೆಡ್ ತಳಿಗೆ ಹೆಸರಾಯಿತು. ಈ ತಳಿಯ ವಂಶಾವಳಿಯನ್ನು 1791ರಿಂದ ಪುಸ್ತಕದಲ್ಲಿ ದಾಖಲಿಸುತ್ತ ಬರಲಾಗಿದೆ. ಇಂದು ಮರಿಯ ದೇಹದೊಳಗೆ ಮೈಕ್ರೋಚಿಪ್ ಇಟ್ಟು ಅದರ ತಂದೆತಾಯಿಯರನ್ನು ಡಿಎನ್‌ಎ ಪರೀಕ್ಷೆಯಿಂದ ದೃಢಪಡಿಸುತ್ತಾರೆ. ಹುಟ್ಟಿನ ದಾಖಲೆ ಇಷ್ಟು ಕಟ್ಟುನಿಟ್ಟಾಗಿರುವ ಪ್ರಾಣಿ ಬೇರೆ ಸಿಗುವುದು ಕಷ್ಟ. ಎರಡು ವರ್ಷಕ್ಕೆ ಓಟ ಆರಂಭಿಸುವ ಕುದುರೆ ಹತ್ತು ವರ್ಷ ತುಂಬುವುದಕ್ಕೆ ಬಹಳ ಮೊದಲೇ ಮೈದಾನದಿಂದ ಹೊರಬೀಳುತ್ತದೆ. ಕೆಲವು ತಳಿಗೆ, ಕೆಲವು ಸವಾರಿ ಶಾಲೆಗೆ, ಕೆಲವು ಹಾವಿನ ವಿಷಕ್ಕೆ ಮದ್ದು ತಯಾರಿಸುವ ಸೀರಂ ಕೇಂದ್ರಗಳಿಗೆ ಹೋಗುತ್ತವೆ. ಉಳಿದವು ಕೈ ಬದಲಾಗುತ್ತ ಮದುವೆಯ ಮೆರವಣಿಗೆಗೆ, ಬಂಡಿಗೆ ಬಂದು, ಕೊನೆಗೆ ಪೇಟೆಯ ಅಂಚಿನ ಕಸದ ರಾಶಿಯ ಬಳಿ ನಿಲ್ಲುತ್ತವೆ. ಹುಟ್ಟನ್ನು ಬರೆದಿಟ್ಟಷ್ಟು ಕಟ್ಟುನಿಟ್ಟಾಗಿ ಈ ಕೊನೆಯ ಪಯಣವನ್ನು ಬರೆದಿಡುವ ಏರ್ಪಾಡು ಬೆಳೆದಿಲ್ಲ.

ಬೀದಿಗೆ ಬಿಟ್ಟ ಕುದುರೆಗಳಲ್ಲಿ ಸಂತಾನಹರಣ ಚಿಕಿತ್ಸೆಯಾಗದ ಗಂಡುಗಳೂ ಇರುವುದರಿಂದ ಬೀದಿಯಲ್ಲಿಯೇ ಮರಿಗಳು ಹುಟ್ಟುತ್ತವೆ. ಅವು ಯಾರೂ ಬಯಸದೆ ಹುಟ್ಟಿದವು. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಪ್ರಾಣಿಯನ್ನು ನಿರ್ಗತಿಕವಾಗಿ ಬಿಡುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ಆದರೆ ಒಡೆಯನಾರೆಂದು ತೋರಿಸುವ ಗುರುತಿಲ್ಲದ ಕುದುರೆಯ ವಿಷಯದಲ್ಲಿ ಕಾಯಿದೆ ಯಾರ ಬಾಗಿಲನ್ನು ತಟ್ಟಬೇಕು?

ಉಪಸಂಹಾರ

ಈ ಪ್ರಶ್ನೆಗೆ ಕುದುರೆಯನ್ನು ಸಾಕುವುದನ್ನೇ ಬಿಟ್ಟುಬಿಡುವುದು ಉತ್ತರವಾಗಲಾರದು. ಭೀಮಾತೀರದ ಹೆಸರನ್ನು ಹೊತ್ತ ಭೀಮಥಡಿ ಕುದುರೆ, ದಖ್ಖನಿನ ಗಟ್ಟಿ ನೆಲಕ್ಕೆ ಹೊಂದಿಕೊಂಡ ತಳಿ, ಇತ್ತೀಚಿನ ವರ್ಷಗಳಲ್ಲಿ ಅಧಿಕೃತ ಮಾನ್ಯತೆ ಪಡೆದಿದೆ. ಅಲೆಮಾರಿ ಕುರಿಗಾಹಿಗಳು ಸಾಮಾನು ಹೊರಲು ಇಟ್ಟುಕೊಂಡದ್ದರಿಂದ ಅದು ಉಳಿಯಿತು. ಅರಸರು ಕಡಿಮೆ ಬೆಲೆ ಕಟ್ಟಿದ ನಾಡಕುದುರೆಯ ಗುಣವನ್ನು ಕುರಿಗಾಹಿ ಅರಿತಿದ್ದನು. ತನಗೆ ಬೇಕಾದಷ್ಟನ್ನು ಮಾತ್ರ ಸಾಕಿ, ತನ್ನೊಡನೆ ನಡೆಸಿಕೊಂಡು ಹೋಗುವ ಆ ಕ್ರಮದಲ್ಲಿ ಹೊಣೆಯರಿತ ಸಾಕಣೆಯ ಮೂಲಸೂತ್ರವೇ ಅಡಗಿದೆ.

ಕುಣಿಗಲ್ ಫಾರಂನ ಭೂಮಿಯನ್ನು 1992ರಲ್ಲಿ 30 ವರ್ಷಗಳ ಗುತ್ತಿಗೆಗೆ ಖಾಸಗಿಯವರಿಗೆ ನೀಡಲಾಗಿತ್ತು. ಆ ಅವಧಿ ಮುಗಿದ ಬಳಿಕ 2024ರಲ್ಲಿ ಅಲ್ಲಿ ಉಪನಗರ ನಿರ್ಮಿಸುವ ಪ್ರಸ್ತಾಪ ಬಂದು ವಿರೋಧಕ್ಕೂ ಗುರಿಯಾಯಿತು. ಆ 400ಕ್ಕೂ ಹೆಚ್ಚು ಎಕರೆಗಳ ಭವಿಷ್ಯವನ್ನು ಚರ್ಚಿಸುವಾಗ ಒಂದು ಸಂಗತಿಯನ್ನು ನೆನಪಿಡುವುದು ಒಳಿತು. ಎರಡು ಶತಮಾನಕ್ಕೂ ಮಿಕ್ಕಿ ಕುದುರೆಗಾಗಿಯೇ ಉಳಿದುಬಂದ ಇಂಥ ನೆಲ ನಾಡಿನಲ್ಲಿ ಮತ್ತೊಂದಿಲ್ಲ. ಕುದುರೆ ಹುಟ್ಟುವುದಕ್ಕೆ ಅಲ್ಲಿ ಸ್ಥಳವಿತ್ತು. ದುಡಿದು ದಣಿದ ಕುದುರೆ ಹಿಂದಿರುಗುವುದಕ್ಕೂ ಅಲ್ಲಿ ಒಂದು ಮೂಲೆಯನ್ನು ಕಾಣಿಸಬಹುದು. ಬ್ರಿಟನ್ನಿನಲ್ಲಿ ಪಂದ್ಯದಿಂದ ನಿವೃತ್ತವಾದ ಕುದುರೆಗಳ ಮರುತರಬೇತಿಗಾಗಿ ಪಂದ್ಯದ ಆಡಳಿತವೇ 2000ದಲ್ಲಿ ಒಂದು ದತ್ತಿಸಂಸ್ಥೆಯನ್ನು ಆರಂಭಿಸಿತು. ಇಲ್ಲಿಯೂ ಮರಿಯನ್ನು ನೋಂದಾಯಿಸುವ ದಿನವೇ ಅದರ ನಿವೃತ್ತಿಯ ಪಾಲನ್ನು ತೆಗೆದಿಡುವುದು, ಪ್ರತಿ ಮಾರಾಟದಲ್ಲಿಯೂ ಒಡೆಯನ ಹೆಸರು ದಾಖಲಾಗುವುದು, ಬಂಡಿಯವರ ಕುದುರೆಗಳಿಗೆ ಉಚಿತವಾಗಿ ಸಂತಾನಹರಣ ಚಿಕಿತ್ಸೆ ಮತ್ತು ಲಾಳದ ಸೌಲಭ್ಯ ಒದಗಿಸುವುದು ಅಸಾಧ್ಯವೇನಲ್ಲ.

ವಿಜಯನಗರದ ಬೊಕ್ಕಸ ಕಡಲಲ್ಲಿ ಸತ್ತ ಕುದುರೆಯ ಬಾಲಕ್ಕೂ ಹಣ ಎಣಿಸಿತು. ಸತ್ತ ಕುದುರೆಗೆ ಬೆಲೆ ಕಟ್ಟಬಲ್ಲ ನಾಡು ಬದುಕಿರುವ ಮುದಿ ಕುದುರೆಗೆ ಒಂದು ಹಿಡಿ ಹುರುಳಿಯನ್ನು ಗೊತ್ತುಮಾಡುವುದು ಹೆಚ್ಚಿನ ಮಾತಲ್ಲ. ಕುದುರೆಯನ್ನು ಹುಟ್ಟಿಸುವವನು ಆ ಹುರುಳಿಯ ಲೆಕ್ಕವನ್ನೂ ಮೊದಲೇ ಬರೆದಿಟ್ಟಾಗ ಮಾತ್ರ ತಳಿ ಸಂವರ್ಧನೆ ಎಂಬ ಮಾತಿಗೆ ಪೂರ್ಣ ಅರ್ಥ ಬರುತ್ತದೆ.